ಬಿಳಿ ಕಾರಿನ ಕಿವಿಗುರುತು

ಕಾರು ತೊಳೆದದ್ದೇ ತಪ್ಪಾಯಿತೇನೋ ಎಂದು ಭೀಮಶಂಕರನಿಗೆ ಬೆಳಗಿನ ಚಹಾದ ಹೊತ್ತಿಗೆ ಅನ್ನಿಸತೊಡಗಿತು. ಅಂಗಳದ ಬೇವಿನ ಗಿಡದ ಕೆಳಗೆ ಅದು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು, ಯಾರದೋ ಮನೆಯ ಕಾರಿನ ಹಾಗೆ ನಿಂತಿತ್ತು. ಇಷ್ಟು ವರ್ಷ ಅದನ್ನು ಮಳೆ ತೊಳೆದಿತ್ತು. ಅವನಾಗಿ ಬಕೆಟ್ಟು, ಬಟ್ಟೆ ಹಿಡಿದು ಕೂತು ತೊಳೆದವನಲ್ಲ. ನಿನ್ನೆ ದವಾಖಾನೆಯಿಂದ ಬೇಗ ಬಂದು ಸೀಟು ಎತ್ತಿ ಝಾಡಿಸಿದರೆ ಅದರ ಕೆಳಗಿಂದ ಒಣಗಿದ ಹಿಕ್ಕೆ, ಉಣ್ಣೆಯ ಉಂಡೆ, ಲಸಿಕೆ ಬಾಟಲಿಯ ಮುಚ್ಚಳ, ಹೆಂಡತಿ ರಜಿತಾ ಎಂದೋ ಕಳೆದುಕೊಂಡಿದ್ದ ತಲೆಪಿನ್ನು, ಹುಣಸೆ ಬೀಜ ಎಲ್ಲ ಹೊರಬಂದವು. ತೆಲುಗು ಸೀಮೆಯ ಅಂಚಿನ ಮಕ್ತಲ್ ಸುತ್ತಿನ ಹಳ್ಳಿಗಳ ಕುರಿ ದನಗಳಿಗೆ ಲಸಿಕೆ ಹಾಕುತ್ತ ತಿರುಗುವ ಪಶು ದವಾಖಾನೆಯ ಸಹಾಯಕನ ಕಾರಿನಲ್ಲಿ ಇನ್ನೇನು ಸಿಗಬೇಕು. ಹಿಂದಿನ ಸೀಟಿನ ಮೇಲೆ ಯಾವಾಗಲೂ ಹಾಸಿರುತ್ತಿದ್ದ ಕರಿ ಕಂಬಳಿಯನ್ನೂ ತೆಗೆದು ಹಗ್ಗದ ಮೇಲೆ ಹಾಕಿದ್ದ. ಆಗ ಅವನ ತಾಯಿ ಮೈಲಮ್ಮ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಒಮ್ಮೆ ಕಾರನ್ನು, ಒಮ್ಮೆ ಮಗನನ್ನು ನೋಡಿ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಯಾಕೆ ತೊಳೆಯುತ್ತೀ ಎಂದು ಕೇಳಲಿಲ್ಲ. ಎಲ್ಲವನ್ನೂ ಕೇಳುವ ಮುದುಕಿ ಅದೊಂದನ್ನು ಕೇಳದೆ ಬಿಟ್ಟದ್ದು ಅಂಗಾಲಿನಲ್ಲಿ ಮುರಿದುಕೊಂಡ ಮುಳ್ಳಿನ ಹಾಗೆ ಅವನೊಳಗೆ ಉಳಿದುಬಿಟ್ಟಿತ್ತು.

ಗದ್ವಾಲದ ಶೋರೂಮಿನ ನರೇಂದರ್ ಫೋನಿನಲ್ಲಿ ಎಲ್ಲವನ್ನೂ ತಿಳಿಯುವ ಹಾಗೆ ಹೇಳಿದ್ದ. ಹದಿನೈದು ವರ್ಷ ದಾಟಿದ ಗಾಡಿಯನ್ನು ಸ್ಕ್ರ್ಯಾಪ್ ಸ್ಕೀಮಿನಲ್ಲಿ ಕೊಟ್ಟರೆ ಸರ್ಕಾರದವರು ಒಪ್ಪಿದ ಯಾರ್ಡಿನಲ್ಲಿ ಅದನ್ನು ಒಡೆಯುತ್ತಾರೆ, ಒಡೆದದ್ದಕ್ಕೆ ಸರ್ಟಿಫಿಕೇಟು ಬರುತ್ತದೆ, ಅದು ಕೈಗೆ ಬಂದರೆ ಹೊಸ ಗಾಡಿಯ ಟ್ಯಾಕ್ಸಿನಲ್ಲಿ ರಿಯಾಯಿತಿ, ಕಂಪನಿಯವರಿಂದಲೂ ಸೋಡಿ. ಯಾವುದಕ್ಕೂ ಹಳೆಯದು ಮೊದಲು ಹೋಗಬೇಕು. ಸಾರ್, ನಿಮ್ಮ ಗಾಡಿಗೆ ಹೊರಗೆ ಯಾರೂ ಇಷ್ಟು ಕೊಡುವುದಿಲ್ಲ ಎಂದು ಅವನು ಹೇಳಿದ್ದು ನಿಜವೇ ಇತ್ತು, ಆದರೂ ಭೀಮಶಂಕರನಿಗೆ ಆ ಮಾತು ತನ್ನ ಮೈಗೇ ತಾಗಿದಂತಾಗಿತ್ತು. ಆಮೇಲೆ ಅವನು ಕುತೂಹಲಕ್ಕೆ ಫೋನಿನಲ್ಲಿ ಒಂದು ಯಾರ್ಡಿನ ವಿಡಿಯೋ ಹುಡುಕಿ ನೋಡಿದ. ಎಣ್ಣೆ ಬಸಿದರು, ಚಕ್ರ ಬಿಚ್ಚಿದರು, ಗಾಜು ತೆಗೆದರು. ಕೊನೆಗೆ ಕಬ್ಬಿಣದ ಎರಡು ಗೋಡೆಗಳು ಒಂದರ ಕಡೆಗೊಂದು ಬಂದವು. ದವಾಖಾನೆಯಲ್ಲಿ ಸತ್ತ ದನಗಳನ್ನು ಕೊಯ್ದು ನೋಡಿದವನು, ಅಷ್ಟಕ್ಕೇ ಫೋನು ಆರಿಸಿಟ್ಟಿದ್ದ.

ಈಗ ರಜಿತಾ ಇಸ್ತ್ರಿ ಮಾಡಿದ ಅಂಗಿ ತಂದುಕೊಟ್ಟು, ಹೋಗುವುದಾದರೆ ಬಿಸಿಲೇರುವ ಮೊದಲು ಹೋಗಿ ಎಂದಳು. ಬರಿ ಹೋಗಿ ಎನ್ನಲಿಲ್ಲ, ಹೋಗುವುದಾದರೆ ಎಂದಳು. ನಾರಾಯಣಪೇಟೆಯ ಹುಡುಗಿ, ಬೇಕು ಎಂಬುದನ್ನು ಎಂದೂ ನೇರವಾಗಿ ಬೇಕು ಎಂದವಳಲ್ಲ. ಅವಳ ಚಿಕ್ಕಪ್ಪನ ಮಗನ ಮದುವೆಗೆ ನಾರಾಯಣಪೇಟೆಗೆ ಹೋದಾಗ ಹೊಸ ಸೀರೆಯ ಬೆನ್ನಿಗೆ ಕರಿ ಉಣ್ಣೆಯ ಎಳೆಗಳು ಅಂಟಿದ್ದವು, ಮತ್ತು ಅಕ್ಕನ ವರಸೆಯ ಒಬ್ಬಳು ಎಲ್ಲರ ಮುಂದೆ ಒಂದೊಂದನ್ನೇ ಕಿತ್ತು, ಬೆರಳ ತುದಿಯಿಂದ ಊದಿ ಹಾರಿಸಿ, ನಗುತ್ತ, ಕಾರಿನಾಗ ಬಂದ್ರೋ ಹಿಂಡಿನಾಗ ಬಂದ್ರೋ ಎಂದಿದ್ದಳು. ರಜಿತಾ ತಾನೂ ನಕ್ಕಳು. ತಿರುಗಿ ಬರುವಾಗ ದಾರಿಯುದ್ದಕ್ಕೂ ಸೀಟಿಗೆ ಒರಗದೆ ನೆಟ್ಟಗೆ ಕೂತಿದ್ದಳು. ಆ ನೆಟ್ಟಗಿನ ಬೆನ್ನನ್ನು ಅವನು ಕನ್ನಡಿಯಲ್ಲಿ ನೋಡಿರಲಿಲ್ಲ, ಪಕ್ಕದಲ್ಲೇ ಇದ್ದಳು. ಆದರೂ ಅವನಿಗೆ ನೆನಪಿರುವುದು ಬೆನ್ನೇ. ಅಂಗಿ ಹಾಕಿಕೊಂಡು ಹೊರಗೆ ಬಂದರೆ ಮೈಲಮ್ಮ ಆಗಲೇ ಕಾರಿನ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು. ತಲೆಗೆ ಎಣ್ಣೆ, ಕೈಯಲ್ಲಿ ಬಟ್ಟೆಯ ಚೀಲ, ತೋಳಿನ ಮೇಲೆ ಅವನು ಹಗ್ಗಕ್ಕೆ ಹಾಕಿದ್ದ ಕಂಬಳಿ.

"ಎಲ್ಲಿಗವ್ವ?"

"ನೀ ಎಲ್ಲಿಗೆ ಹೊಂಟೀ ಅಲ್ಲಿಗೆ."

"ನಾ ಗದ್ವಾಲಕ್ಕ ಹೊಂಟೀನಿ. ಗಾಡಿ ಸರ್ವೀಸ್ ಮಾಡಸಾಕ. ಹೊತ್ತಾಗ್ತೈತಿ, ಸುಮ್ನ ಕೂಡಬೇಕಾಗ್ತೈತಿ ಅಲ್ಲಿ."

"ಸುಮ್ನ ಕೂಡಾಕ ನನಗ ಬರೂದಿಲ್ಲೇನು? ಈಗ ಅದನ್ನ ಮಾಡಾಕತ್ತೀನಲ್ಲ ದಿನಾ."

ಸರ್ವೀಸ್ ಎಂಬ ಮಾತು ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕಂಡು ಅವನಿಗೇ ನಾಚಿಕೆಯಾಯಿತು. ರಜಿತಾ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಗಂಡನನ್ನೇ ನೋಡುತ್ತಿದ್ದಳು; ನೀವೇ ಹೇಳಬೇಕು, ನಾನು ಹೇಳುವ ಮಾತಲ್ಲ ಎಂದು ಅವಳು ವಾರದಿಂದ ಹೇಳುತ್ತಲೇ ಇದ್ದಳು. ಮೈಲಮ್ಮ ಸೀಟಿನ ಮೇಲೆ ಕಂಬಳಿ ಹಾಸಿ, ಚಪ್ಪಲಿ ಕೆಳಗೆ ಬಿಟ್ಟು, ಕಾಲು ಮಡಚಿ ಮೇಲಿಟ್ಟುಕೊಂಡು ಕೂತಳು. ಆ ಕಾರಿನಲ್ಲಿ ಅವಳು ಎಂದೂ ಕಾಲು ಇಳಿಬಿಟ್ಟು ಕೂತಿರಲಿಲ್ಲ.

ಅಮರಚಿಂತೆಯ ರಸ್ತೆ ಹಿಡಿದ ಮೇಲೆ ಎರಡೂ ಕಡೆ ಹತ್ತಿ, ತೊಗರಿ, ನಡುನಡುವೆ ಕಾಲುವೆ ನೀರಿನ ಭತ್ತ. ಕಾರು ತನ್ನ ಹಳೆಯ ಸದ್ದುಗಳನ್ನೆಲ್ಲ ಮಾಡುತ್ತ ಹೊರಟಿತ್ತು. ಮೂರನೆಯ ಗೇರಿಗೆ ಒಂದು ನರಳು, ಎಡಕ್ಕೆ ತಿರುಗಿದರೆ ಒಂದು ಕೆಮ್ಮು. ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಎಷ್ಟು ಒರೆಸಿದರೂ ಹೋಗದ ಭಂಡಾರ, ದೇವರ ಅರಿಸಿನ ಪುಡಿ. ಅದನ್ನು ಹಾಕಿದ ದಿನ ಅವ್ವ ಇಷ್ಟು ಮುದುಕಿಯಾಗಿರಲಿಲ್ಲ. ಅಪ್ಪ ಹೋದ ಮೇಲೆ ಹಿಂಡು ಕಾಯುವವರಿಲ್ಲದೆ, ದವಾಖಾನೆಯ ನೌಕರಿಯ ಮಗ ಬಿಸಿಲಲ್ಲಿ ಬೈಕಿನ ಮೇಲೆ ಐಸ್ ಡಬ್ಬಿ ಕಟ್ಟಿಕೊಂಡು ತಿರುಗುವುದನ್ನು ನೋಡಲಾರದೆ, ಅವಳು ಒಂದು ಸಂತೆಯಲ್ಲಿ ಇಡೀ ಹಿಂಡನ್ನು ಕೊಟ್ಟುಬಿಟ್ಟಿದ್ದಳು. ಹಿಂಡು ಹೋಗಿ ಕಾರು ಬಂತು. ಅಂಗಳಕ್ಕೆ ಬಂದ ಕಾರಿನ ಸುತ್ತ ಓಣಿಯವರು ನಿಂತು ನೋಡುತ್ತಿರುವಾಗ ಅವಳು ಒಳಗಿನಿಂದ ಭಂಡಾರದ ಬಟ್ಟಲು, ಉಣ್ಣೆ ಕತ್ತರಿ ಎರಡನ್ನೂ ತಂದಳು. ಕುರಿ ಸಾಕುವವರ ಹಿಂಡಿನಲ್ಲಿ ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟ ಟಗರು ಒಂದು ಇದ್ದೇ ಇರುತ್ತದೆ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅದರ ಎಡಗಿವಿಗೆ ಮನೆತನದ ಗುರುತಿನ ಜೊತೆ ಇನ್ನೊಂದು ಕಚ್ಚು. ತಮ್ಮ ಹಿಂಡಿನದನ್ನು ಅವಳು ಸಂತೆಗೆ ಹೊಡೆಯದೆ ದೇವರ ಗುಡಿಗೆ ಬಿಟ್ಟು ಬಂದಿದ್ದಳು. ಹಿಂಡೇ ಇಲ್ಲದ ಮನೆಯಲ್ಲಿ ಬೀರಪ್ಪನಿಗೆ ಯಾವುದನ್ನು ಬಿಡುವುದು ಎಂದು ಅವಳು ಎಷ್ಟು ದಿನ ಯೋಚಿಸಿದ್ದಳೋ. ಬಾನೆಟ್ಟಿಗೂ ಒಳಗೂ ಭಂಡಾರ ಎರಚಿ, ಕಾರಿನ ಸುತ್ತ ನಡೆದು, ಕಿವಿ ಹುಡುಕಿದಳು. ಕನ್ನಡಿ ಗಾಜು, ಅದಕ್ಕೆ ಕತ್ತರಿ ನಾಟದು. ಕೊನೆಗೆ ಎಡಗಡೆಯ ಹಿಂದಿನ ಚಕ್ರದ ಹತ್ತಿರ ಕೂತು, ಕೆಸರು ಸಿಡಿಯದಂತೆ ತೂಗಿಬಿಟ್ಟಿದ್ದ ರಬ್ಬರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇದು ಮೆತ್ತಗೈತಿ ಎಂದು, ಮೇಲೆ ಎರಡು, ಕೆಳಗೆ ಒಂದು, ಮೂರು ಕಚ್ಚು ಹಾಕಿದಳು. ಚಿಕ್ಕವನಿದ್ದಾಗ ಮರಿಗಳ ಕಿವಿಯನ್ನು ಅವಳಿಗಾಗಿ ಹಿಡಿದು ಕೊಡುತ್ತಿದ್ದವನು ಅವತ್ತು ಬೇವಿನ ಗಿಡದ ಹಿಂದೆ ಹೋಗಿ ನಿಂತಿದ್ದ.

ಮರೆತಿದ್ದಾನೆಂದರೆ ಮರೆತಿಲ್ಲ. ಅದಾದ ಮುಂದಿನ ಮಳೆಗಾಲವೋ, ಅದರ ಮುಂದಿನದೋ, ಜಿಲ್ಲೆಯಿಂದ ಬಂದ ಸಾಹೇಬರನ್ನು ಹಳ್ಳಿಯೊಂದಕ್ಕೆ ಕರೆದೊಯ್ಯಬೇಕಾಗಿತ್ತು. ಅವ್ವನೂ ಹಿಂದಿನ ಸೀಟಿನಲ್ಲಿದ್ದಳು, ಅದೇ ಹಳ್ಳಿಯಲ್ಲಿ ಅವಳ ತಂಗಿಯ ಮನೆ. ಕೆಸರಿನಲ್ಲಿ ಗಾಡಿ ಸಿಕ್ಕಿಕೊಂಡು, ಇಳಿದು ನಿಂತ ಸಾಹೇಬರು ಪ್ಯಾಂಟು ಎತ್ತಿಕೊಂಡು ಚಕ್ರದ ಕಡೆ ಬಗ್ಗಿ, ಇದೇನ್ರೀ ಭೀಮಶಂಕರ್, ರಬ್ಬರ್ ಹಿಂಗ್ಯಾಕ ಕತ್ತರಿಸೈತಿ ಎಂದು ಕೇಳಿದರು. ನಾಯಿ ಕಚ್ಚಿತ್ರೀ ಸಾರ್ ಎಂದುಬಿಟ್ಟ. ಸಾಹೇಬರು ನಕ್ಕರು, ಪಶು ದವಾಖಾನೆಯವರ ಕಾರಿಗೆ ನಾಯಿ ಕಚ್ಚಿದರೆ ಸೂಜಿ ಯಾರಿಗೆ ಎಂದರು, ಅವನೂ ನಕ್ಕ. ಹಿಂದಿನ ಕಿಟಕಿಯ ಗಾಜು ಇಳಿದಿತ್ತು. ಅವ್ವ ಆ ಕಡೆಯ ಹೊಲವನ್ನು ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ ಅವನಿಗೆ ಇವತ್ತಿನವರೆಗೂ ಗೊತ್ತಿಲ್ಲ. ಕೇಳಿಸಿದ್ದರೆ ಅಂದು ಸಂಜೆ ಬೈಯುತ್ತಿದ್ದಳು ಎಂದು ಒಮ್ಮೆ, ಕೇಳಿಸಿದ್ದಕ್ಕೇ ಬೈಯಲಿಲ್ಲ ಎಂದು ಇನ್ನೊಮ್ಮೆ, ಲೆಕ್ಕ ಹೇಗೆ ಹಾಕಿದರೂ ಅವನ ಪಾಲಿಗೆ ಉಳಿಯುವುದು ಒಂದೇ.

"ಸಾವಕಾಶ ಹೋಗು," ಎಂದಳು ಮೈಲಮ್ಮ ಹಿಂದಿನಿಂದ. "ಇಲ್ಲೇ ಅಲ್ಲ?"

ಇಲ್ಲೇ. ಅಮರಚಿಂತೆ ಇನ್ನೂ ಮುಂದಿರುವಾಗ, ಆ ಹುಣಸೆ ಗಿಡದ ತಿರುವಿನಲ್ಲಿ, ಹೋದ ತಿಂಗಳು ಬ್ರೇಕು ಒತ್ತಿದರೆ ಕಾಲು ಸುಮ್ಮನೆ ಕೆಳಗೆ ಇಳಿದುಹೋಗಿತ್ತು, ಕೆಸರಿನಲ್ಲಿ ಇಳಿದ ಹಾಗೆ. ಎದುರಿಗೆ ಕುರಿಹಿಂಡು ರಸ್ತೆ ದಾಟುತ್ತಿತ್ತು. ಗೇರು ಇಳಿಸಿ, ಕೈಬ್ರೇಕು ಎಳೆದು, ಕಾರನ್ನು ಬದುವಿಗೆ ಹತ್ತಿಸಿ ನಿಲ್ಲಿಸುವಷ್ಟರಲ್ಲಿ ಅವ್ವ ಮುಂದಿನ ಸೀಟಿಗೆ ಬಂದು ಬಡಿದಿದ್ದಳು. ಹಣೆಯಲ್ಲಿ ಲಿಂಬೆಕಾಯಿಯಷ್ಟು ಬಾವು. ಕುರಿಗಳಿಗೆ ಏನೂ ಆಗಲಿಲ್ಲ, ಹಿಂಡಿನವನು ಮಾತ್ರ ಓಡಿಬಂದು ಬಾಯಿಗೆ ಬಂದದ್ದು ಅಂದ. ಅವ್ವ ಹಣೆ ಹಿಡಿದುಕೊಂಡೇ ಅವನ ಊರು, ಅವನ ಕುಲದ ಬೆಡಗು, ಅವನ ಹಿಂಡಿನ ಗುರುತು ಎಲ್ಲ ವಿಚಾರಿಸಿ ಕೊನೆಗೆ ನೆಂಟಸ್ತನ ಹುಡುಕಿ ಸಮಾಧಾನ ಮಾಡಿದಳು. ಬ್ರೇಕು ರಿಪೇರಿಯಾಯಿತು. ಮೇಸ್ತ್ರಿ ಕೆಳಗೆ ಮಲಗಿ ನೋಡಿ, ತಳದ ತಗಡು ಹೋಗ್ಯಾವ್ರೀ, ಎಷ್ಟಂತ ಹೊಲೀಬೇಕು ಎಂದಿದ್ದ. ಆ ದಿನದಿಂದ ಭೀಮಶಂಕರನ ಬಲಗಾಲು ತನ್ನ ಕಾಲೇ ಅಲ್ಲದ ಹಾಗೆ ಆಗಿತ್ತು. ಪೆಡಲಿನ ಮೇಲೆ ಇಟ್ಟಾಗಲೆಲ್ಲ ಅದು ಕೆಳಗಿನ ಖಾಲಿಯನ್ನು ಹುಡುಕುತ್ತಿತ್ತು. ಆದರೂ ಕಾರು ಹೋಗುವುದೆಂದರೆ, ಹೆರಿಗೆಯಾಗದ ಕುರಿಯನ್ನು ಹಿಂದೆ ಮಲಗಿಸಿಕೊಂಡು ಮಳೆಯಲ್ಲಿ ತಂದ ಕಾರು, ರಜಿತಾ ಮದುವೆಯಾಗಿ ಇಳಿದು ಮೊದಲ ಹೆಜ್ಜೆ ಇಟ್ಟ ಕಾರು, ಯಾರ್ಡಿನ ಆ ಎರಡು ಗೋಡೆಗಳ ನಡುವೆ. ಜುರಾಲಾ ಕಟ್ಟೆಯ ಮೇಲೆ ಬಂದಾಗ ಗೇಟುಗಳ ಕೆಳಗೆ ನೀರು ಬೆಳ್ಳಗೆ ಬೀಳುತ್ತಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡ. ಕನ್ನಡಿಯಲ್ಲಿ ನೋಡಿದರೆ ಅವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ, ಕಾರಿನ ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ನಡೆಯುವ ದನದ ಪಕ್ಕೆಗೆ ತಟ್ಟುವ ಹಾಗೆ. ಕಟ್ಟೆ ಮುಗಿದುಹೋಯಿತು.

ಶೋರೂಮಿನ ಮುಂದೆ ನರೇಂದರ್ ಕಾಯುತ್ತಿದ್ದ. ಶಾಂತಿನಗರದ ಕಡೆಯ ಹುಡುಗ, ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುವವನು, ಕೊರಳಿಗೆ ಟೈ. ಮೈಲಮ್ಮನನ್ನು ಕಂಡು, ಕೂಚೋಂಡಿ ಅಮ್ಮಾ, ಒಳಗೆ ಏಸಿ ಐತಿ ಎಂದು ಕುರ್ಚಿ ತೋರಿಸಿದ. ಅವಳು ಕೂಡಲಿಲ್ಲ. ಅವನು ಹಳೆಯ ಕಾರಿನ ಸುತ್ತ ಫೋನು ಹಿಡಿದು ಫೋಟೋ ತೆಗೆಯುತ್ತ ಬಂದ. ಮುಂದೆ, ಪಕ್ಕ, ಹಿಂದೆ. ಎಡಗಡೆಯ ಹಿಂದಿನ ಚಕ್ರದ ಹತ್ತಿರ ಬಗ್ಗಿ ನಿಂತ.

"ಇದೇನು ಸಾರ್, ಇಲ್ಲಿ ಮೂರು ಕಡೆ ಹರಿದೈತಿ?"

ಭೀಮಶಂಕರನ ನಾಲಗೆಯ ತುದಿಗೆ ನಾಯಿ ಬಂದು ನಿಂತಿತು. ಅಷ್ಟು ವರ್ಷದ ಹಳೆಯ ನಾಯಿ, ಕರೆಯದೆಯೂ ಬರುತ್ತಿತ್ತು. ಅವ್ವ ಅವನ ಪಕ್ಕದಲ್ಲಿ, ಶೋರೂಮಿನ ಗಾಜಿನಲ್ಲಿ ಕಾಣುವ ತನ್ನದೇ ನೆರಳನ್ನು ನೋಡುತ್ತ ನಿಂತಿದ್ದಳು.

"ಹರದದ್ದಲ್ಲ," ಎಂದ. "ಕಿವಿಗುರುತು. ನಮ್ಮವ್ವ ಹಾಕಿದ್ದು."

ನರೇಂದರನಿಗೆ ಅರ್ಥವಾಗಲಿಲ್ಲ. ಆಯ್ತು ಸಾರ್, ಅದಕ್ಕೇನೂ ರೇಟ್ ಕಟ್ ಆಗಲ್ಲ, ಹೆಂಗೂ ಒಡೆಯೋದೇ ಎಂದು ಅದರದ್ದೂ ಒಂದು ಫೋಟೋ ತೆಗೆದ. ಒಡೆಯೋದೇ ಎಂಬ ಮಾತು ಮೂವರ ನಡುವೆ ಬಿದ್ದು ಅಲ್ಲೇ ಉಳಿಯಿತು. ಭೀಮಶಂಕರ ತಾಯಿಯ ಕಡೆ ತಿರುಗಿ, ಅವ್ವಾ, ಸರ್ವೀಸಿಗಲ್ಲ ಎಂದು ಶುರು ಮಾಡಿದ.

"ಗೊತ್ತೈತಿ ತಗೋ," ಎಂದಳು ಅವಳು. "ನಿನ್ನೆ ನೀ ತೊಳದಾಗನ ಗೊತ್ತಾತು. ಸಂತಿಗೆ ಹೊಡಿಯೋ ಕುರೀನ ಹಿಂದಿನ ದಿನ ತೊಳೀತಾರ. ಸರ್ವೀಸಿಗೆ ಹೋಗೋದನ್ನ ಯಾರರ ತೊಳೀತಾರೇನೋ, ಭೀಮ್ಯಾ?"

ಅವಳು ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟಳು, ಇನ್ನೂ ಬಿಸಿಯಿತ್ತು.

"ಒಡದು ಏನು ಮಾಡ್ತಾರ?"

"ಕರಗಿಸ್ತಾರ. ಬ್ಯಾರೆ ಏನರ ಮಾಡ್ತಾರ ಕಬ್ಬಿಣದ್ದು."

"ಯಾರೂ ತಿನ್ನಂಗಿಲ್ಲಲ್ಲ?"

"ಇಲ್ಲವ್ವ."

"ಮತ್ತ?"

ತಿನ್ನುವುದಿಲ್ಲವೆಂದ ಮೇಲೆ ಅವಳ ಮಟ್ಟಿಗೆ ಅರ್ಧ ಕೆಲಸ ಮುಗಿದಂತೆ ಕಂಡಿತು. ಉಳಿದ ಅರ್ಧವನ್ನು ಅವಳು ನರೇಂದರನಿಗೆ ತೆಲುಗಿನಲ್ಲಿ ವಿವರಿಸಿದಳು. ದೇವರ ಟಗರು ಮುದಿಯಾಗಿ ಹಿಂಡಿನ ಜೊತೆ ನಡೆಯದಂತಾದರೆ ಅದನ್ನು ಬಿಡುಗಡೆ ಮಾಡುವುದುಂಟು. ಆದರೆ ಸುಮ್ಮನೆ ಅಲ್ಲ. ಒಂದು ಎಳೆಯ ಮರಿಯನ್ನು ತಂದು ಅದರ ಪಕ್ಕದಲ್ಲಿ ನಿಲ್ಲಿಸಬೇಕು. ಇದರ ಹಣೆಯ ಭಂಡಾರ ತೆಗೆದು ಅದರ ಹಣೆಗೆ ಹಚ್ಚಬೇಕು, ಅದರ ಕಿವಿಗೆ ಗುರುತು ಹಾಕಬೇಕು. ದೇವರು ಒಂದು ಗಳಿಗೆಯೂ ಹೊರಗೆ ನಿಲ್ಲಬಾರದು. ಹೊಸ ಕಾರು ಎಲ್ಲಿ, ತಂದು ನಿಲ್ಲಿಸು ಎಂದಳು. ನರೇಂದರ್ ಟೈ ಸರಿಮಾಡಿಕೊಂಡು, ಅಮ್ಮಾ, ಅದು ಮಹಬೂಬ್‌ನಗರದಿಂದ ಬರಬೇಕು, ಅದಕ್ಕೆ ಮೊದಲು ಇದು ಯಾರ್ಡಿಗೆ ಹೋಗಿ ಸರ್ಟಿಫಿಕೇಟ್ ಬರಬೇಕು, ರೂಲ್ಸ್ ಹಂಗೈತಿ ಎಂದ. ಒಳಗೆ ಪ್ರದರ್ಶನಕ್ಕೆ ನಿಲ್ಲಿಸಿದ ಕಾರನ್ನಾದರೂ ತೋರಿಸಿ ನೋಡಿದ. ಮೈಲಮ್ಮ ಅದರ ಸುತ್ತ ಒಮ್ಮೆ ನಡೆದು, ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿ, ಇದು ನಮ್ಮದಾಗೂದೇನು ಎಂದಳು. ಅಲ್ಲ ಎಂದ. ಬ್ಯಾರೆಯವರ ಮರಿ ಕಿವಿಗೆ ನಾ ಹೆಂಗ ಕತ್ತರಿ ಹಾಕ್ಲಿ ಎಂದು ಹೊರಗೆ ಬಂದಳು. ಹಳೆಯದು ಹೋದ ಮೇಲೇ ಹೊಸದು ಬರಬೇಕೆಂಬ ಸರ್ಕಾರ ಒಂದು ಕಡೆ, ಹೊಸದು ಬಂದು ನಿಂತ ಮೇಲೇ ಹಳೆಯದನ್ನು ಬಿಡಬೇಕೆಂಬ ಬೀರಪ್ಪ ಇನ್ನೊಂದು ಕಡೆ. ಭೀಮಶಂಕರನಿಗೆ ಒಳಗೆಲ್ಲೋ ಹಗುರಾದಂತಾಯಿತು. ಇನ್ನೇನು, ಆಗುವುದಿಲ್ಲ, ತನ್ನ ಕೈಯಲ್ಲೇನೂ ಇಲ್ಲ. ರಜಿತಾಳಿಗೂ ಹಾಗೇ ಹೇಳಬಹುದು. ಅವ್ವ ಒಪ್ಪಲಿಲ್ಲ, ದೇವರ ಮಾತು, ನಾನೇನು ಮಾಡಲಿ. ಅವಳು ಚೌಕಟ್ಟಿಗೆ ಕೈಕೊಟ್ಟು, ಆಯ್ತು ಬಿಡ್ರಿ ಎನ್ನುತ್ತಾಳೆ. ಮುಂದಿನ ಮದುವೆಗೂ ನೆಟ್ಟಗೆ ಕೂತುಕೊಂಡೇ ಬರುತ್ತಾಳೆ.

"ಹಂಗಾದ್ರ ವಾಪಸ್ ಹೋಗೂಣವ್ವ," ಎಂದ. "ನೀ ಬ್ಯಾಡ ಅಂದ ಮ್ಯಾಲ ಮುಗೀತು."

ಮೈಲಮ್ಮ ಅವನ ಮುಖವನ್ನು ನೋಡಿದಳು. ಮಗನನ್ನಲ್ಲ, ಕೊಳ್ಳಲೋ ಬಿಡಲೋ ಎಂದು ಸಂತೆಯಲ್ಲಿ ನಿಂತ ಯಾರನ್ನೋ ನೋಡುವ ಹಾಗೆ.

"ನಾ ಎಲ್ಲಿ ಬ್ಯಾಡ ಅಂದೆ? ನನ್ನ ಮುಂದ ಮಾಡಿ ನೀ ಹಿಂದ ಅಡಗಬ್ಯಾಡ. ಗುರುತು ದೇವರದು. ಗಾಡಿ ನಿಂದು. ಬ್ರೇಕ್ ಮ್ಯಾಲ ಕಾಲಿಡೋನು ನೀನು. ಕೊಡ್ತೀಯೋ ಇಟ್ಕೋತೀಯೋ, ನೀ ಹೇಳು."

ಅವನು ಕಾರಿನೊಳಗೆ ಹೋಗಿ ಸ್ಟೀರಿಂಗಿನ ಮುಂದೆ ಕೂತ. ಯಾರೂ ಕರೆಯಲಿಲ್ಲ. ಒಳಗೆ ತೊಳೆದ ಸೋಪಿನ ವಾಸನೆ, ಅದರ ಕೆಳಗೆ ಉಣ್ಣೆಯ ವಾಸನೆ, ಅದರ ಕೆಳಗೆ ಲಸಿಕೆಯ ಐಸ್ ಕರಗಿದ ವಾಸನೆ. ಸ್ಟೀರಿಂಗಿನ ಮೇಲೆ ಅವನ ಅಂಗೈ ಎಲ್ಲಿ ಇರುತ್ತದೋ ಅಲ್ಲಿ ಮಾತ್ರ ನುಣುಪಾಗಿತ್ತು. ಬಲಗಾಲು ತಾನಾಗಿ ಪೆಡಲಿನ ಮೇಲೆ ಹೋಯಿತು, ಒತ್ತಿತು, ಕೆಳಗಿನ ಖಾಲಿಗಾಗಿ ಹೆದರಿತು. ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಿತು, ಕಂಬಳಿಯ ಮೇಲೆ ಅವ್ವ ಕೂತ ಕಡೆ ಒಂದು ಗುಳಿ ಬಿದ್ದಿತ್ತು. ಆ ಗುಳಿಯಿಂದ ಎದ್ದು ಹಣೆ ಬಡಿಸಿಕೊಂಡವಳು ಹೊರಗೆ ಬಿಸಿಲಿನಲ್ಲಿ ನಿಂತು ಕಾಯುತ್ತಿದ್ದಾಳೆ. ಈ ಕಾರನ್ನು ತಾನು ಎಷ್ಟು ಇಷ್ಟಪಟ್ಟಿದ್ದೇನೆ ಎಂಬುದು, ಇಷ್ಟು ದಿನ ಅದರ ಬಗ್ಗೆ ನಾಚಿಕೆಪಟ್ಟದ್ದರಿಂದಲೇ ತನಗೆ ತಿಳಿಯದೆ ಉಳಿದಿತ್ತೇನೋ. ಕೀಲಿ ತೆಗೆದುಕೊಂಡು, ಕಂಬಳಿ ಮಡಚಿ ಬಗಲಿಗಿಟ್ಟುಕೊಂಡು ಕೆಳಗಿಳಿದ.

"ಕೊಡ್ತೀನವ್ವ," ಎಂದ. "ಆದ್ರ ಮರಿ ಇಲ್ಲಲ್ಲ. ಗುರುತು ಎಲ್ಲಿ ಇಡೂದು?"

ಅದನ್ನು ಅವನು ಕೇಳಿದ್ದು ಅವಳಿಗೆ ಹಿಡಿಸಿತು. ಮುಖದ ಗೆರೆಗಳೆಲ್ಲ ಒಮ್ಮೆ ಅಲುಗಿದವು. ಗುಡ್ಡದಲ್ಲಿ ಹಿಂಡು ಇರುವಾಗ ದೇವರ ಟಗರು ಸತ್ತರೆ, ಹತ್ತಿರ ಮರಿ ಇಲ್ಲದಿದ್ದರೆ, ನಿಮ್ಮಪ್ಪ ಏನು ಮಾಡುತ್ತಿದ್ದ ಎಂದು ಕೇಳಿದಳು. ಅವನಿಗೆ ನೆನಪಿರಲಿಲ್ಲ, ಅಥವಾ ಇತ್ತು: ಹಣೆ ತುಂಬ ಹಳದಿ ಬಳಿದುಕೊಂಡು ಹಬ್ಬವಿಲ್ಲದ ದಿನ ಮನೆಗೆ ಬಂದ ಅಪ್ಪ, ಯಾರ ಜೊತೆಯೂ ಜಗಳವಾಡದೆ, ಮೆತ್ತಗೆ ಮಾತಾಡುತ್ತ, ಮರಿ ಸಿಗುವತನಕ ದಿನಗಟ್ಟಲೆ ಓಡಾಡಿದ ಅಪ್ಪ. ಮೈಲಮ್ಮ ಕಾರಿನೊಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಸಂದಿಗೆ ಉಗುರು ಹಾಕಿ, ಅವನು ಒರೆಸಿ ತೆಗೆಯಲಾಗದೆ ಬಿಟ್ಟಿದ್ದ ಭಂಡಾರವನ್ನು ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ಚಕ್ರದ ಹತ್ತಿರ ಕೂತು ಆ ಮೂರು ಕಚ್ಚಿನ ರಬ್ಬರನ್ನು ಒಮ್ಮೆ ಸವರಿ, ಅದಕ್ಕೆ ಮಾತ್ರ ಕೇಳುವ ಹಾಗೆ ಏನೋ ಹೇಳಿದಳು. ಆಮೇಲೆ ಎದ್ದು ಬಂದು ಮಗನ ಮುಂದೆ ನಿಂತಳು. ಶೋರೂಮಿನ ಒಳಗಿನವರು ಗಾಜಿನ ಹತ್ತಿರ ಬಂದಿದ್ದರು. ಯಾರೋ ಹೊಸ ಕಾರು ನೋಡಲು ಬಂದ ಗಂಡ ಹೆಂಡತಿ ಕೂಡ. ಹಿಂದೆ ಹೋಗಿ ನಿಲ್ಲಲು ಬೇವಿನ ಗಿಡ ಎಲ್ಲೂ ಇರಲಿಲ್ಲ.

"ಬಗ್ಗು," ಎಂದಳು.

ಐವತ್ತರ ಹತ್ತಿರದ ಭೀಮಶಂಕರ, ಇಸ್ತ್ರಿ ಅಂಗಿಯಲ್ಲಿ, ಬಗಲಲ್ಲಿ ಕಂಬಳಿ ಹಿಡಿದುಕೊಂಡು ಬಗ್ಗಿದ. ಅವಳು ಹಣೆಗೆ ಭಂಡಾರ ಹಚ್ಚಿದಳು, ಉಳಿದದ್ದನ್ನು ತಲೆಯ ಮೇಲೆ ಒರೆಸಿದಳು. ಅವನ ಎಡಗಿವಿಯನ್ನು ಎರಡು ಬೆರಳಿನಲ್ಲಿ ಹಿಡಿದಳು. ಕತ್ತರಿ ತಂದಿರಲಿಲ್ಲ, ಉಗುರೇ ಸಾಕಾಯಿತು. ಮೇಲೆ ಎರಡು, ಕೆಳಗೆ ಒಂದು. ಕೆಳಗಿನದನ್ನು ಪದ್ಧತಿಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಒತ್ತಿದಳು, ಮತ್ತು ಬಿಡದೆ, ಅವನ ಕಿವಿಗೆ ಬಾಯಿ ಹತ್ತಿರ ತಂದಳು.

"ಹೊಸದು ಬರೋತನ ನೀನ ದೇವರ ಟಗರು," ಎಂದಳು. "ಯಾರರ ಕೇಳಿದ್ರ ನಾಯಿ ಕಚ್ಚಿತ್ತಂತ ಹೇಳಬ್ಯಾಡ ಮತ್ತ."

ಮಕ್ತಲ್ ಕಡೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಕಿಟಕಿಯ ಕಡೆ ಕಂಬಳಿ ಹಾಸಿ, ಚಪ್ಪಲಿ ಬಿಟ್ಟು, ಕಾಲು ಮಡಚಿ ಮೇಲಿಟ್ಟುಕೊಂಡಳು. ಕಂಡಕ್ಟರು ಅವನ ಹಣೆಯನ್ನು ನೋಡಿದ, ಮತ್ತೊಮ್ಮೆ ನೋಡಿದ, ಕೇಳಲಿಲ್ಲ. ಜುರಾಲಾ ಕಟ್ಟೆಯ ಮೇಲೆ ರಜಿತಾಳ ಫೋನು ಬಂತು. ಕೊಟ್ಟಿರೇನು, ಅತ್ತೆಗೆ ಹೇಳಿದಿರೇನು, ಏನಂದರು ಎಂದು ಅವಳು ಒಂದೇ ಉಸಿರಿಗೆ ಕೇಳಿದಳು. ಕೊಟ್ಟೆ ಎಂದ. ಉಳಿದದ್ದನ್ನು ಹೇಗೆ ಹೇಳುವುದೆಂದು ತಿಳಿಯದೆ, ಬಂದ ಮೇಲೆ ನೀನೇ ನೋಡುವಿಯಂತೆ ಎಂದು ಫೋನನ್ನು ಬಲಗಿವಿಗೆ ಬದಲಿಸಿದ. ಎಡಗಿವಿ ಇನ್ನೂ ಬಿಸಿಯಾಗಿತ್ತು.